ಮೀನಾಗೆ ಒಂದು ಉದ್ದ ಹೆಸರು

ಹತ್ತೊಂಬತ್ತನೇ ದಿನ ಬಂದರು.
ಇಪ್ಪತ್ತೊಂದರೊಳಗೆ ಬರೆಸಬೇಕು ಎನ್ನುತ್ತದೆ ಕಾನೂನು;
ಯೆಲ್ ದ್ವೀಪದ ಫೆರ್ರಿಗೆ ಕಾನೂನು ಗೊತ್ತಿಲ್ಲ,
ಗಾಳಿ ಬಿಟ್ಟರೆ ಬಿಡುತ್ತದೆ.

ಲರ್ವಿಕ್ಕಿನ ಈ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ
ಎರಡೇ ಕುರ್ಚಿ, ಒಂದು ಹೀಟರು,
ಗಿಬ್ಬಿಯ ಬೂಟಿನಿಂದ ಇಳಿಯುತ್ತಿದ್ದ ನೀರು.
ಓಸ್ಲಾಳ ಸ್ವೆಟರಿನೊಳಗಿಂದ ಅರ್ಧ ಮುಖ ತೋರುತ್ತಿತ್ತು ಕೂಸು.

"ಮಗುವಿನ ಹೆಸರು?"
"ಮೀನಾ," ಎಂದರು ಇಬ್ಬರೂ ಒಟ್ಟಿಗೆ,
ಆಮೇಲೆ ಇಬ್ಬರೂ ಒಟ್ಟಿಗೆ, "ಅಂದರೆ, ಅದಲ್ಲ."

ಗೊತ್ತು ನನಗೆ ಈ 'ಅದಲ್ಲ'.
ಇಪ್ಪತ್ತಾರು ವರ್ಷ ಕೇಳಿದ್ದೇನೆ.
ಕರೆಯುವ ಹೆಸರು ಮೊದಲು ಹುಟ್ಟಿರುತ್ತದೆ,
ತೊಟ್ಟಿಲಿಗಿಂತ ಮುಂಚೆ, ಕೆಲವೊಮ್ಮೆ ಮಗುವಿಗಿಂತಲೂ ಮುಂಚೆ;
ಆಮೇಲೆ ಹುಡುಕಾಟ, ಅದಕ್ಕೊಪ್ಪುವ ಉದ್ದದ್ದು.
ಗುಂಡಿ ಚಂದ ಕಂಡಿತೆಂದು ಅಂಗಿ ಹೊಲಿಸಿದ ಹಾಗೆ.
ಎಲ್ಸಿಗೆ ಎಲ್ಸ್‌ಪೆತ್, ಎಫಿಗೆ ಯೂಫೀಮಿಯಾ,
ಬಾಬೀ ಎನ್ನುವ ಆಸೆಗೆ ಬಾರ್ಬರಾ ಹೊತ್ತು ತಂದವರು,
ಗಿರ್ಜಿ ಎಂದು ಮುದ್ದಾಡಿದವಳಿಗೆ ಗ್ರಿಝೆಲ್ ಎಂದು ಬರೆಸಿ
ಮೆಟ್ಟಿಲಿಳಿಯುವಷ್ಟರಲ್ಲಿ ಅತ್ತವರೂ ಉಂಟು.

ಇವಳಿಗೆ ಮೀನಾ ಎಂದು ಇಟ್ಟವನು ಎರಡೂವರೆ ವರ್ಷದ ಅಣ್ಣ.
ತೊಟ್ಟಿಲಿಗೆ ಮೂಗು ತಾಗಿಸಿ ಅಂದನಂತೆ, ಒಂದೇ ಸಲ.
ಎಲ್ಲಿಂದ ತಂದ, ಯಾರ ಬಾಯಿಂದ, ಯಾರಿಗೂ ತಿಳಿಯದು.
ಈಗ ಕುರಿ ಕಾಯುವ ನಾಯಿಯೂ ಆ ಶಬ್ದಕ್ಕೆ ಕಿವಿ ನಿಮಿರಿಸುತ್ತದೆ.

"ಮೀನಾ ಅಂತಲೇ ಬರೆದರೆ?" ಎಂದೆ.
"ಅತ್ತೆ ಒಪ್ಪುವುದಿಲ್ಲ," ಎಂದಳು ಓಸ್ಲಾ,
"ಗಿಡ್ಡ ಹೆಸರಿಗೆ ಚಳಿ ಹೆಚ್ಚಂತೆ."

ಹೆಣಿಗೆಯ ನಮೂನೆ ಹಾಳೆಯ ಹಿಂಬದಿ ಪಟ್ಟಿ ತಂದಿದ್ದಳು.
ವಿಲ್ಹೆಲ್ಮೀನಾ: ಅರಮನೆಯ ವಾಸನೆ, ಹೊಡೆದುಹಾಕಿದ್ದು.
ಜಾಕೊಮೀನಾ: ಗಿಬ್ಬಿ ನಕ್ಕಿದ್ದಕ್ಕೆ ಹೊಡೆದುಹಾಕಿದ್ದು.
ವಿಲಿಯಮೀನಾ: ಓಸ್ಲಾಳ ಅಪ್ಪ ವಿಲಿಯಮ್,
ಅದೇ ರಸ್ತೆಯಲ್ಲಿದ್ದೂ ಒಂಬತ್ತು ವರ್ಷ ಇವರ ಹೊಸಿಲು ತುಳಿಯದವನು;
ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆದದ್ದು.

ನಮ್ಮ ಕಡೆ ಹೀಗೇ. ಗಂಡಸಿನ ಹೆಸರಿಗೆ ಬಾಲ ಕಟ್ಟಿ ಹೆಣ್ಣಿಗೆ ಕೊಡುತ್ತಾರೆ,
ಅಪ್ಪನ ಕೋಟಿನಂಚಿಗೆ ಲೇಸು ಹೊಲಿದು ತೊಡಿಸುತ್ತಾರೆ.
ನಾನೇ ಇಲ್ಲವೇ? ಗಂಡಾಗಿದ್ದರೆ ಥಾಮಸ್; ಆಗಲಿಲ್ಲ, ಥಾಮಸೀನಾ.
ಹಲ್ಲಿನ ಡಾಕ್ಟರು, ಬ್ಯಾಂಕು, ಈ ಮುದ್ರೆ ಬಿಟ್ಟರೆ
ಯಾರೂ ಕರೆದಿಲ್ಲ. ಟ್ಯಾಮಿ ನಾನು, ಊರಿಗೆಲ್ಲ.

ಪಟ್ಟಿಯ ಕೊನೆಗೆ, ಪೆನ್ಸಿಲಿನಲ್ಲಿ, ಬೇರೆ ಕೈಬರಹದಲ್ಲಿ
ಇನ್ನೊಂದಿತ್ತು. ಯಾರೂ ಓದಲಿಲ್ಲ.
ಹೀಟರು ಟಿಕ್ಕೆಂದಿತು.

"ಅದನ್ನು ದಿನಾ ಕೂಗಬೇಕಾಗುತ್ತದಲ್ಲ," ಎಂದ ಗಿಬ್ಬಿ,
"ಊಟಕ್ಕೆ, ಸ್ನಾನಕ್ಕೆ, ಬಾಗಿಲು ಹಾಕೆನ್ನುವುದಕ್ಕೆ."
"ಕೂಗುವುದಿಲ್ಲ. ಕೂಗಲಿಕ್ಕೆ ಮೀನಾ ಇದೆ.
ಇದು ಇರಲಿಕ್ಕೆ ಮಾತ್ರ," ಎಂದಳು ಅವಳು.

ಪರದೆಯ ಖಾಲಿ ಚೌಕದಲ್ಲಿ ಗೆರೆಯೊಂದು ಮಿನುಗುತ್ತಿತ್ತು.
"ಅಕ್ಷರ ಹೇಳಿ," ಎಂದೆ; ಅದು ನನ್ನ ಕೆಲಸ.
"ಎ," ಎಂದ. "ಡಿ." "ಎ." "ಎಂ."
ಅಲ್ಲಿಗೆ ನಿಂತ.

ನಾಲ್ಕು ವರ್ಷದ ಹಿಂದೆ ಇದೇ ಮೇಜಿನಲ್ಲಿ
ಆ ನಾಲ್ಕನ್ನೂ ಬೇರೆ ಬಗೆಯ ಪತ್ರಕ್ಕೆ ಬರೆದವಳು ನಾನೇ.
ಗಿಬ್ಬಿಯ ತಮ್ಮ. ದೋಣಿಯ ಹಲಗೆ ಸಿಕ್ಕಿತ್ತು,
ಒಂದು ಕೈಗವಸು ಸಿಕ್ಕಿತ್ತು.

ಮ್ ಎನ್ನಲು ತುಟಿ ಮುಚ್ಚಲೇಬೇಕು, ಯಾವ ಭಾಷೆಯಲ್ಲೂ.
ತೆರೆಯಲು ಒಂದು ಸ್ವರ ಬೇಕು.

"ಐ," ಎಂದಳು ಓಸ್ಲಾ. "ಎನ್. ಎ."
ಬರೆದದ್ದನ್ನು ಓದಿ ಹೇಳಬೇಕು, ಅದು ನಿಯಮ. ಓದಿದೆ:
ಆಡಮೀನಾ.
ಅವನು ಮುಗಿದ ಅಕ್ಷರದಿಂದಲೇ ಇವಳು ಶುರು.

ಕೂಸು ಸೀನಿತು.
ಎರಡೂ ಮುಕ್ಕಾಲಿನ ಫೆರ್ರಿ ಎಂದು ಗಿಬ್ಬಿ ಎದ್ದ,
ಸಹಿ ಹಾಕಿದ, ನನ್ನ ಪೆನ್ನನ್ನು ಮರೆತು ಜೇಬಿಗಿಳಿಸಿದ.
ಇನ್ನೊಂದು ಪೆನ್ನು ಹುಡುಕಿ ಕೆಳಗೆ ನನ್ನ ಉದ್ದ ಹೆಸರು ಬರೆದೆ,
ಅವತ್ತು ಸ್ವಲ್ಪ ನಿಧಾನವಾಗಿ.
ಮೆಟ್ಟಿಲಿನಿಂದ ಕೇಳುತ್ತಿತ್ತು:
ಮೀನಾ, ಟೋಪಿ. ಮೀನಾ, ಟೋಪಿ.