ಪ್ರದರ್ಶನದಲ್ಲಿ ಇಲ್ಲ

ಮುಂಜಾನೆ ಏಳಕ್ಕ ಬಾಗಲಾ ತಗೀತೀನಿ.
ರಾತ್ರಿ ಯಾವುದರ ಹೋಗಿದ್ದರ
ಮೊದಲ ಮೂಗಿಗೆ ತಿಳೀತದ, ಆಮ್ಯಾಲೆ ಕಣ್ಣಿಗೆ.
ಉಣಕಲ್ ಕೆರಿ ಕಡಿಂದ ಬರೂ ಗಾಳಿ
ಹೊಸ್ತಿಲದಾಗ ನಿಂತು ಬಿಡತದ, ಒಳಗ ಬರೂದಿಲ್ಲ.
ಇಪ್ಪತ್ತೆರಡು ಗಾಜಿನ ಪೆಟಗಿ, ಇಪ್ಪತ್ತೆರಡು ಗುಳುಗುಳು.
ಒಂದರ ದನಿ ಇಳದರ ಬೆನ್ನಿಗೇ ಗೊತ್ತಾಗತದ.

ಟಿಕೀಟಿನ ಕಿಡಕಿ ಬಾಜೂಕ ಕರಿ ಹಲಗಿ.
ಅದರ ಮ್ಯಾಲೆ ಖಡು ಹಿಡದು ಬರಿಯೂದು ನನ್ನ ಪಾಳಿ.
ಜನನ: ಕಪ್ಪು ಮೊಲ್ಲಿ, ಮೂವತ್ತೊಂದು ಮರಿ.
ಬರದು ಒಳಗ ಹೋಗಿ ಎಣಸಿದರ ಇಪ್ಪತ್ತಾರು.
ಹಡದಾಕಿನ ತಿಂದಾಳ.
ಇದನ್ನ ಯಾವ ಸಾಲಿನಾಗ ಬರೀಲಿ?

ನಮ್ಮಪ್ಪ ಹಾವನೂರಾಗ ತುಂಗಭದ್ರಿಗೆ ಬಲಿ ಬೀಸಾಂವ.
ಬಾರಕೇರ ಓಣ್ಯಾಗ ಮೀನ ಸತ್ತರ ಅದು ಸುದ್ದಿ ಅಲ್ಲ,
ಅಡಗಿ.
ನಾ ಇಲ್ಲಿ ಕೆಲಸಕ್ಕ ಹತ್ತಿದ್ದು ಕೇಳಿ
ಬೀಡಿ ಕೆಳಗಿಟ್ಟು ನಕ್ಕಿದ್ದ:
‘ಮೀನಕ್ಕ ಉಣಸಾಕ ಪಗಾರ ಕೊಡತಾರ?
ನಾವು ಉಂಡದ್ದರ ಸಾಲ ನೀ ತೀರಸಾಕತ್ತೀ ತಗೋ.’

ಊರಿಗೆ ಎಂಟು ದಿವಸಕ್ಕೊಮ್ಮೆ ನೀರು.
ನಳದ ಮುಂದ ಕೊಡಪಾನ ಪಾಳಿ ಹಚ್ಚಿರತಾವ,
ಇಲ್ಲಿ ಮೀನಕ್ಕ ದಿನಾ ಟ್ಯಾಂಕರ್.
ನನ್ನ ಹೇಂತಿ ದುರಗವ್ವ ಒಂದಿನ ಬಂದಾಕಿ
ಗಾಜಿಗೆ ಹಣಿ ಹಚ್ಚಿ ಭಾಳ ಹೊತ್ತು ನಿಂತಳು.
ಮೀನ ನೋಡಲಿಲ್ಲ, ನೀರ ನೋಡಿದಳು.

ನಾಕನೇ ಪೆಟಗ್ಯಾಗ ಹಳದಿ ಸಿಕ್ಲಿಡ್.
ಹದಿನೆಂಟು ದಿವಸ ತುತ್ತು ಮುಟ್ಟಲಿಲ್ಲ.
ಬ್ಯಾನಿ ಅಂದುಕೊಂಡು ಔಷಧ ಕಲಸಿಟ್ಟೆ.
ಹತ್ತೊಂಬತ್ತನೇ ದಿನ ಬಾಯಿ ತಗದಳು,
ಒಳಗಿಂದ ಒಂದೊಂದ ಹೊರಗ ಬಂದವು ಮರಿ,
ಸಾಲಿ ಬಿಟ್ಟಂಗ.
ಟಿಕೀಟು ಹರಿಯೂ ಜನ್ನತಬೀ ಗಲ್ಲಕ್ಕ ಕೈ ಹಚ್ಚಿ ಅಂದಳು,
‘ಇಷ್ಟು ದಿವಸ ಸುಮ್ಮನ ಇದ್ದದ್ದು ಸಿಟ್ಟಿಗಲ್ಲ ನೋಡು.’

ಆಮ್ಯಾಲೆ ಆ ರಾತ್ರಿ.
ಕರೆಂಟ್ ಹೋತು. ಜನರೇಟರಿನಾಗ ಡೀಸೆಲ್ ಇಲ್ಲ.
ಗುಳುಗುಳು ಎಲ್ಲಾ ಒಮ್ಮೆಲೆ ನಿಂತವು.
ಅಂಥಾ ಶಾಂತ ನಾ ಮಸಣದಾಗೂ ಕೇಳಿಲ್ಲ.
ನಾನೂ ಜನ್ನತಬೀನೂ ಮಗ್ಗಾ ಹಿಡದು
ನೀರು ಎತ್ತಿ ಎತ್ತಿ ನೀರಿಗೇ ಹೊಯ್ದಿವಿ,
ಪೆಟಗಿಯಿಂದ ಪೆಟಗಿಗೆ ಓಡಿ, ಬೆಳತನಕ.
ಹದಿನಾಲ್ಕಕ್ಕ ಬರೂದರಾಗ
ಅರೋವಾನ ಮಗ್ಗಲಾಗಿತ್ತು.
ಹನ್ನೆರಡು ವರ್ಷದ ಮುದುಕ. ಬೆಳ್ಳಿ ತಗಡಿನಂಥಾ ಮೈ.
ಹಿಂದಿನ ಬೇವಿನ ಗಿಡದ ಬುಡಕ ಒಯ್ಯುವಾಗ
ಬ್ಯಾಡ ಅಂದರೂ ಕೈ ತಾನ ತೂಗಿತು:
ಎರಡೂವರಿ ಕಿಲೋ.
ಅಪ್ಪನ ಕೈ ಅದು.

ಸಾಹೇಬರು ಹಲಗಿ ನೋಡಿದರು.
‘ಮರಣ ಅಂತ ಬರೀಬ್ಯಾಡ್ರೀ,
ಮಂದಿ ಮಕ್ಕಳನ್ನ ಕರಕೊಂಡು ಬರತಾರ.
ಪ್ರದರ್ಶನದಲ್ಲಿ ಇಲ್ಲ ಅಂತ ಹಾಕ್ರಿ.’
ಹಾಕಿದೆ. ಒತ್ತಕ್ಷರಕ್ಕ ಖಡು ಮುರೀತು.

ಐತವಾರ ಗದ್ದಲ.
ಖಾಲಿ ಪೆಟಗಿ ಮುಂದನೂ ನಿಂತರು.
ನಾ ಪಂಪು ಬಂದ್ ಮಾಡಿದ್ದಿಲ್ಲ,
ದೀಪಾನೂ ಆರಿಸಿದ್ದಿಲ್ಲ.
ಒಬ್ಬಾಕಿ ತನ್ನ ಹುಡುಗಗ ಹೇಳಿದಳು,
‘ಕಲ್ಲಿನ ಹಿಂದ ಕುಂತಿರಬೇಕು, ತಡಿ.’
ಒಬ್ಬ ಅಜ್ಜ ಉಗರಲೆ ಗಾಜು ಬಾರಿಸಿದ.
ಎರಡು ಜಡಿ ಹಾಕ್ಕೊಂಡ ಹುಡುಗಿ ಚೀರಿತು:
‘ಬಾಲಾ ಕಂಡ್ತು! ಬಾಲಾ!’
ಎಲ್ಲಾರೂ ಬಗ್ಗಿದರು.
ನಾ ಕಸಬರಿಗಿ ಹಿಡಕೊಂಡು ಅಲ್ಲೇ ಇದ್ದೆ,
ಏನೂ ಅನ್ನಲಿಲ್ಲ.
ಮಂದಿ ಹೋದ ಮ್ಯಾಲೆ, ಸುಳ್ಳ್ಯಾಕ,
ನಾನೂ ಕಲ್ಲಿನ ಹಿಂದ ಬಗ್ಗಿ ನೋಡಿದೆ.

ರಾತ್ರಿ ಉಣಿಸುವಾಗ ರೂಢಿಲೆ
ಹದಿನಾಲ್ಕಕ್ಕೂ ಒಂದು ಚಿಮಟಿ ಕಾಳು ಬಿತ್ತು.
ತೇಲತಿತ್ತು. ತಗೀಲಿಲ್ಲ.
ಮುಂಜಾನೆ ನೋಡಿದರ ಇಲ್ಲ.

ಫಿಲ್ಟರ್ ಎಳಕೊಂಡಿರಬೇಕು.
ಹಲಗಿ ವರಸಿದೆ,
ತಾರೀಖು ಒಂದ ಬರದೆ.