ನಲವತ್ತೊಂದು, ನಲವತ್ತೆರಡು

ಕೊಳವೆಯ ಮೇಲೆ ಹೆಸರಿಲ್ಲ, ಬರೀ ಅಂಕಿ.
ಆದರೂ ನನಗೆ ಗೊತ್ತು,
ಕಕ್ಕಬ್ಬೆಗೆ ಹೋಗಿ ನರ ಹುಡುಕಿದವಳು ನಾನೇ.
ನಲವತ್ತೊಂದು ಚೋಂದಮ್ಮ, ಲಸಿಕೆಗೆ ತೋಳು ಕೊಟ್ಟವಳು.
ನಲವತ್ತೆರಡು ಅವಳ ತಂಗಿ ಬೊಳ್ಳಮ್ಮ:
"ಶೀತಕ್ಕೂ ಇಂಜೆಕ್ಷನ್ನಾ?
ತೋಟದಲ್ಲಿ ಒಳ್ಳೆಮೆಣಸು ಇಲ್ಲವಾ?"

ಮಡಿಕೇರಿಯ ಲ್ಯಾಬಿನಲ್ಲಿ
ಅವರ ಸೀರಮ್ಮನ್ನು ತೆಳುವಾಗಿಸುತ್ತೇನೆ,
ಅರ್ಧ, ಅರ್ಧದರ್ಧ, ಅದರರ್ಧ.
ಮೇಲೆ ವೈರಸ್ಸು, ಅದರ ಮೇಲೆ ಕೋಳಿಯ ನೆತ್ತರು.
ತಡೆಯುವವರಿದ್ದರೆ ಕೆಂಪು ತಳಕ್ಕಿಳಿದು
ಗುಲಗಂಜಿಯಾಗಿ ಕೂರುತ್ತದೆ;
ಇಲ್ಲದಿದ್ದರೆ ಹರಡಿ ಮಸುಕು.

ಈ ವರ್ಷದ ವೈರಸ್ಸಿಗೆ
ಅಕ್ಕನ ಸಾಲಿನಲ್ಲಿ ಆರು ಗುಲಗಂಜಿ.
ತಂಗಿಯದು ಮೊದಲ ಕುಳಿಯಿಂದಲೇ ಮಂಜು.
ಹಳೆಯ ತಳಿಯೊಂದಕ್ಕೆ ಮಾತ್ರ ಇಬ್ಬರೂ ಸರಿಸಮ:
ಒಂದೇ ಕಂಬಳಿಯೊಳಗೆ ಇಬ್ಬರೂ ಕಾದ
ಯಾವುದೋ ಶಾಲೆಯ ವರ್ಷವನ್ನು
ರಕ್ತ ಇನ್ನೂ ಬಾಯಿಪಾಠ ಒಪ್ಪಿಸುತ್ತಿತ್ತು.

ಕಕ್ಕಡದಲ್ಲಿ ಜ್ವರ ಬಂತು, ಆ ಮನೆಗೂ.
ಅಕ್ಕನಿಗೆ ಎರಡು ದಿನ ಗಂಟಲು ಕೆರೆತ.
ತಂಗಿ ಹನ್ನೊಂದು ದಿನ ಮಲಗಿದಳು;
ಅವಳ ಪಾಲಿನ ಮದ್ದುಸೊಪ್ಪಿನ ಪಾಯಸ
ಬಟ್ಟಲಲ್ಲೇ ಹೆಪ್ಪುಗಟ್ಟಿತು.

ಸೆಪ್ಟೆಂಬರಿನಲ್ಲಿ ಮತ್ತೆ ಹೋದೆ, ಮತ್ತೆ ನರ.
ಈಗ ನಲವತ್ತೆರಡರ ಸಾಲಿನಲ್ಲೂ ಗುಲಗಂಜಿ,
ಏಳು. ಅಕ್ಕನಿಗಿಂತ ಒಂದು ಜಾಸ್ತಿ!
ಫೋನಿನಲ್ಲಿ ಹೇಳಬಾರದಿತ್ತು, ಹೇಳಿದೆ.
"ನೋಡಿದ್ಯಾ, ಗೆದ್ದೆ" ಎಂದು ನಗಲು ಹೋಗಿ
ಕೆಮ್ಮಿದಳು, ಬಹಳ ಹೊತ್ತು.

ಆ ಕೆಮ್ಮಿಗೆ ಹಾಳೆಯಲ್ಲಿ ಕಾಲಂ ಇಲ್ಲ.
ಏಳು ಎಂದು ಬರೆದೆ.
ಆಮೇಲೆ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣಗೆ:
ಹನ್ನೊಂದು ದಿನ.