ನಾಕನೇ ಗೀಟು

ಒಂದು ಸುತ್ತು ಅಂದ್ರ ಹನ್ನೆರಡು ಕಿಲೋಮೀಟರ್.
ಕೆಲವರಿಗೆ ಒಂದು, ಕೆಲವರಿಗೆ ಎರಡು,
ಹನ್ನೊಂದು ಮಂದಿಗೆ ಮಾತ್ರ ನಾಕು.
ಎಲ್ಲಾರಿಗೂ ಬಾಗಿಲ ಒಂದ:
ಗುಳೇದಗುಡ್ಡದ ಕೆಂಪು ಗುಡ್ಡದ ಬುಡಕ, ಸಾಲಿ ಬಯಲಾಗ,
ಎರಡು ಬೊಂಬಿಗೆ ಕಟ್ಟಿದ ಬ್ಯಾನರ್.
ಅದರ ಬಾಜೂಕ ನನ್ನ ಟೇಬಲ್ಲು, ನನ್ನ ವಹಿ.
ನಂಬರಿಗೊಂದು ಸಾಲು, ಸುತ್ತಿಗೊಂದು ಗೀಟು.

ಹಾದಿ ಗುರ್ತಿಗೆ ಹಿಂದಿನ ಸಂಜಿ
ಕಂಟಿ ಕಂಟಿಗೆ ಖಣದ ಅಂಚು ಕಟ್ಟಿ ಬಂದಿದ್ದೆ,
ಮಗ್ಗದ ಮನಿಯಾಗ ಕತ್ತರಿಸಿ ಒಗೆದ ಚಿಂದಿ.
ಮುಂಜಾನಿ ಏಳರೊಳಗ ಸುದ್ದಿ ಬಂತು:
ಜೋಡಗುಂಡಿನ ಹತ್ತಿರ, ಹಾದಿ ಒಡೆಯೂ ಕಡೆ,
ಒಂದೂ ಚಿಂದಿ ಉಳಿದಿಲ್ಲ,
ಆಡು ಮೇಯ್ದಾವ.

ಆಡು ಕಾಯೂ ಹುಡುಗ, ಯಮನೂರಿ ಅಂತ.
ಬೈಯಾಕ ಹ್ವಾದವರಿಗೆ ಅಂದನಂತ,
“ತಿಂದದ್ದು ನನ್ನ ಆಡು. ನಾನ ನಿಂದರ್ತೀನಿ.”
ಹಂಗ ನಿಂತ, ಇಡೀ ದಿನ,
ಎಡಗೈ ಚಾಚಿ, ಕೋಲು ಬಗಲಾಗ ಹಿಡಕೊಂಡು.

ಒಂದು ಸುತ್ತಿನವರು ಒಂಬತ್ತಕ್ಕ ಮುಗಿಸಿ
ಪದಕ ಹಲ್ಲಿಲೆ ಕಚ್ಚಿ ಫೋಟೋ ತಗಿಸಿಕೊಂಡ್ರು.
ಎರಡು ಸುತ್ತಿನವರು ಕಲ್ಲಂಗಡಿ ಖಾಲಿ ಮಾಡಿ
ಬಾಗಲಕೋಟಿ ಬಸ್ಸು ಹಿಡಿದ್ರು.
ನಾಕರವರದು ಬ್ಯಾರೇನ ಪಾಡು:
ಮುಗಿಯೂ ಗೆರಿ ದಾಟೂದು, ಮತ್ತ ಶುರೂ ಮಾಡೂದು.
ಕುರ್ಚಿ ಇತ್ತು, ನೆಳ್ಳಿತ್ತು,
ಹೋಗು ಅಂತ ಯಾರೂ ನೂಕತಿರಲಿಲ್ಲ.
ಐದು ಮಂದಿ ಮೂರನೇದಕ್ಕ ಕುಂತರು. ಏಳಲಿಲ್ಲ.

ಅರವತ್ಮೂರನೇ ನಂಬರಿನಾಕಿ ನಸೀಮಾ ಬಾಗವಾನ,
ಬಾದಾಮಿ ಡಿಪೋದಾಗ ಕಂಡಕ್ಟರ್.
ನಡಕ್ಕ ಕಟ್ಟಿದ ಚೀಲದಾಗ ಪೆಪ್ಪರಮಿಂಟು,
ಚಿಲ್ಲರೆ ಇಲ್ಲದಾಗ ಮಂದಿ ಕೈಗೆ ಇಡತಾರಲ್ಲ, ಅಂಥಾವು.
ಬಂದಾಗೊಮ್ಮೆ ಮಜ್ಜಿಗಿ ಕುಡದು, ಬಾಯಿ ಒರಸಿ,
“ರೈಟ್” ಅಂತ ತನಗ ತಾನ ಹೇಳಿ ಹೊಂಡಾಕಿ.

ಹೊತ್ತು ಮುಣುಗಾಕ ಅರ್ಧ ತಾಸು ಇತ್ತು.
ಬಂದ್ಲು. ಒಂದು ಬೂಟು ಬಾಯಿ ಬಿಟ್ಟಿತ್ತು.
ಗೆರಿ ದಾಟಿ ನಿಂತ್ಲು. ಮಜ್ಜಿಗಿ ಕೇಳಲಿಲ್ಲ.
ವಹಿ ನೋಡಿದೆ. ಈಗಿಂದೂ ಹಿಡದು ಮೂರ ಗೀಟು.
“ಇನ್ನೊಂದೈತ್ರಿ,” ಅಂದೆ.

ಸಿಟ್ಟಾಗಲಿಲ್ಲ. ಕಲ್ಲಿನ ಮ್ಯಾಲ ಕುಂತು
ಬೂಟಿನ ಹಳ್ಳು ಝಾಡಿಸಿದ್ಲು.
“ನಂದೂ ಎಣಸೂ ನೌಕರೀನ ಐತ್ರೀ.
ಒಂದು ಟಿಕೀಟು ತಪ್ಪಿದ್ರ ಪಗಾರದಾಗ ಹಿಡೀತಾರ.
ನಾಕು ಆಗ್ಯಾವ.”

ಮಧ್ಯಾಹ್ನ ಎರಡಕ್ಕ ನಾ ಎಲ್ಲಿದ್ದೆ?
ಸಾಹೇಬ್ರ ಭಾಷಣಕ್ಕ ಮೈಕು ಕೈ ಕೊಟ್ಟಿತ್ತು,
ವೈರು ಒತ್ತಿ ಹಿಡಕೊಂಡು ನಿಂತಿದ್ದೆ,
ಬೆನ್ನು ಗೆರಿ ಕಡೆ.
ಇದನ್ನ ಬಾಯಿಬಿಟ್ಟು ಹೇಳಲಿಲ್ಲ ನಾನು.
ವಹಿ ಅಂದ್ರ ವಹಿ ಅಂತ ಕುಂತಿದ್ದೆ.

ಅಡ್ಡದಾರೀಲೆ ಆಡು ಇಳದು ಬಂದುವು, ಹಿಂದ ಯಮನೂರಿ.
ಎಡಗೈ ಇನ್ನೂ ಅರ್ಧ ಚಾಚೇ ಇತ್ತು,
ಮಡಚಾಕ ಮರೆತಂಗ.
“ಈ ಬಾಯಾರು ಎಷ್ಟು ಸಲ ಬಂದ್ರೋ?”
ಅಂವ ಕಿಸೆದಾಗಿನ ಕಾಗದ ತಗದು
ವಹಿ ಮ್ಯಾಲ ಇಟ್ಟ, ಸುಕ್ಕು ತೀಡಿ ತೀಡಿ:
ಹಸರು ಒಂದು, ಹಳದಿ ಒಂದು, ಮತ್ತ ಹಸರು.
“ಮೂರ ಅದಾವಲ್ಲೋ.”
ಬಾಯಿ ತೆರೆದ.
ನಾಲಿಗಿ ಮ್ಯಾಲ ನಾಕನೇದು,
ಗಾಜಿನ ಚೂರಿನಂಗ ತೆಳ್ಳಗ, ಇನ್ನೂ ಕರಗಿರಲಿಲ್ಲ.

“ಅದರ ಕಾಗದ?”
“ಆಡು ತಿಂತು.”

ಗೀಟು ಎಳದೆ. ಸೊಟ್ಟ ಬಂತು.
ಆಕಿ ಆವಾಗ ಮಜ್ಜಿಗಿ ಕೇಳಿದ್ಲು.